ಎಮ್ಮಿ ನೋಥರ್: ಸಂಬಳವಿಲ್ಲದ ಗಣಿತ ಗುರು



ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂದು ಸಂಶೋಧನಾ ವಿದ್ಯಾರ್ಥಿಗಳಿಗೆಂದೇ ಗಣಿತ ಸಮ್ಮೇಳನಗಳು ನಡೆಯುತ್ತವೆ. ರೇಖಾಗಣಿತ ಮತ್ತು ಟೊಪಾಲಜಿ ಎಂಬ ಶಾಖೆಗಳಲ್ಲಿ ಇಂತಹ ಕೂಟಗಳು ವಿಶೇಷವಾಗಿ ಜನಪ್ರಿಯ. ಹೆಸರಾಂತ ಪ್ರಾಧ್ಯಾಪಕರ ಕೆಲವು ಉಪನ್ಯಾಸಗಳನ್ನು ಬಿಟ್ಟರೆ, ಉಳಿದ ವೇಳೆಯಲ್ಲಿ ಕರಿಹಲಗೆಯ ಮುಂದೆ ನಿಲ್ಲುವವರು ವಿದ್ಯಾರ್ಥಿಗಳೇ. ಡಾಕ್ಟರೇಟ್ ಪ್ರಬಂಧವನ್ನು ಇನ್ನೂ ಮುಗಿಸದ ಯುವಕ ಯುವತಿಯರು ತಾವು ಕಂಡುಕೊಂಡದ್ದನ್ನು, ಕೆಲವೊಮ್ಮೆ ಅರ್ಧ ಮಾತ್ರ ಕಂಡುಕೊಂಡದ್ದನ್ನು, ತಮ್ಮ ವಾರಿಗೆಯವರ ಮುಂದಿಡುತ್ತಾರೆ. ಪ್ರಶ್ನೆಗಳು ಬರುತ್ತವೆ. ಸಭೆಯಲ್ಲಿ ಬಿಡಿಸಲಾಗದ ತೊಡಕು ಚಹಾ ಕುಡಿಯುವಾಗ ಬಿಡಿಸಿಕೊಳ್ಳುವುದೂ ಉಂಟು.

ಇಂತಹ ಕೂಟಗಳಲ್ಲಿ ಹೊಮಾಲಜಿ ಗ್ರೂಪ್ ಎಂಬ ಮಾತು ನಿಮ್ಮ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ಅದಿಲ್ಲದೆ ಇಂದಿನ ಟೊಪಾಲಜಿಯನ್ನು ಊಹಿಸುವುದೂ ಕಷ್ಟ. ಆ ವಿಚಾರವನ್ನು ಟೊಪಾಲಜಿಯ ಪಂಡಿತರಿಗೆ ತಿಳಿಸಿಕೊಟ್ಟವರಲ್ಲಿ ಮುಖ್ಯರಾದವರು ಒಬ್ಬ ಮಹಿಳೆ. ಅವರು ಅದನ್ನು ದೊಡ್ಡ ಗ್ರಂಥ ಬರೆದು ಕೊಡಲಿಲ್ಲ. ಊಟದ ಮೇಜಿನ ಬಳಿ, ತರಗತಿಯ ಬೆಂಚಿನ ಮೇಲೆ, ತನಗಿಂತ ಕಿರಿಯರೊಡನೆ ಮಾತನಾಡುತ್ತಲೇ ಕೊಟ್ಟರು. ಬದುಕಿನ ಬಹುಭಾಗದಲ್ಲಿ ಅವರಿಗೆ ಸರಿಯಾದ ಹುದ್ದೆ ಇರಲಿಲ್ಲ, ಅನೇಕ ವರ್ಷ ಸಂಬಳವೇ ಇರಲಿಲ್ಲ. ಅವರೇ ಎಮ್ಮಿ ನೋಥರ್. ಅವರ ಬದುಕನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಎಮ್ಮಿ ನೋಥರ್ ಹುಟ್ಟಿದ್ದು 1882ರ ಮಾರ್ಚ್ 23ರಂದು, ಜರ್ಮನಿಯ ಎರ್ಲಾಂಗನ್ ಎಂಬ ಊರಿನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ತಂದೆ ಮ್ಯಾಕ್ಸ್ ನೋಥರ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರು, ಬೀಜಗಣಿತೀಯ ರೇಖಾಗಣಿತದಲ್ಲಿ ಹೆಸರು ಮಾಡಿದವರು. ನಾಲ್ವರು ಮಕ್ಕಳಲ್ಲಿ ಎಮ್ಮಿ ಹಿರಿಯವಳು, ಒಬ್ಬಳೇ ಮಗಳು.

ಮನೆಯ ತುಂಬ ಗಣಿತವಿದ್ದರೂ ಹುಡುಗಿ ಹಿಡಿಯಬೇಕಾದ ದಾರಿಯನ್ನು ಅಂದಿನ ಸಮಾಜ ಬೇರೆಯಾಗಿಯೇ ಗುರುತಿಸಿತ್ತು. 1900ರಲ್ಲಿ ಎಮ್ಮಿ ಹೆಣ್ಣುಮಕ್ಕಳ ಶಾಲೆಗಳಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಕಲಿಸಲು ಬೇಕಾದ ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಗೌರವದ ಉದ್ಯೋಗ, ನಿಶ್ಚಿತ ವರಮಾನ ಎರಡೂ ಕೈಗೆಟುಕುವಂತಿದ್ದವು. ಹದಿನೆಂಟರ ತರುಣಿ ಅದನ್ನು ಬಿಟ್ಟು ಗಣಿತ ಕಲಿಯುತ್ತೇನೆಂದು ಹೊರಟರು.

ಕಲಿಯಲು ಬಾಗಿಲು ತೆರೆದಿತ್ತೇ? ಅರ್ಧ ಮಾತ್ರ. ಆಗ ಎರ್ಲಾಂಗನ್ ವಿಶ್ವವಿದ್ಯಾಲಯಕ್ಕೆ ಹೆಣ್ಣುಮಕ್ಕಳು ವಿದ್ಯಾರ್ಥಿಗಳಾಗಿ ಸೇರುವಂತಿರಲಿಲ್ಲ. ಪ್ರಾಧ್ಯಾಪಕರು ಒಪ್ಪಿದರೆ ತರಗತಿಯಲ್ಲಿ ಕುಳಿತು ಕೇಳಬಹುದಿತ್ತು, ಅಷ್ಟೇ. ಅಲ್ಲಿದ್ದ 986 ವಿದ್ಯಾರ್ಥಿಗಳ ನಡುವೆ ಇಬ್ಬರೇ ಮಹಿಳೆಯರು, ಅವರಲ್ಲೊಬ್ಬರು ಎಮ್ಮಿ. ಹೀಗೆ ಕೇಳುತ್ತ ಕೇಳುತ್ತಲೇ ಅವರು 1903ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಅರ್ಹತೆ ನೀಡುವ ಪರೀಕ್ಷೆಯನ್ನು ಮುಗಿಸಿದರು. ಆ ಚಳಿಗಾಲ ಗೊಟ್ಟಿಂಗನ್‌ಗೆ ಹೋಗಿ ಹಿಲ್ಬರ್ಟ್, ಕ್ಲೈನ್, ಮಿಂಕೋವ್‌ಸ್ಕಿ ಮೊದಲಾದ ಘಟಾನುಘಟಿಗಳ ಪಾಠ ಕೇಳಿದರು. 1904ರಲ್ಲಿ ಎರ್ಲಾಂಗನ್ ತನ್ನ ನಿಯಮ ಬದಲಿಸಿದಾಗ ಊರಿಗೆ ಮರಳಿ ವಿದ್ಯಾರ್ಥಿನಿಯಾಗಿ ಹೆಸರು ದಾಖಲಿಸಿದರು. 1907ರಲ್ಲಿ ಪೌಲ್ ಗೋರ್ಡಾನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿ ಲಭಿಸಿತು. ಮುನ್ನೂರಕ್ಕೂ ಹೆಚ್ಚು ಸೂತ್ರಗಳನ್ನು ಲೆಕ್ಕ ಹಾಕಿ ಪಟ್ಟಿ ಮಾಡಿದ ಆ ಪ್ರಬಂಧದ ಬಗ್ಗೆ ಮುಂದೆ ಅವರಿಗೇ ಒಲವು ಉಳಿಯಲಿಲ್ಲ. ಸೂತ್ರಗಳ ರಾಶಿಗಿಂತ ಅವುಗಳ ಹಿಂದಿನ ರಚನೆ ದೊಡ್ಡದೆಂಬ ಅರಿವು ಅವರಲ್ಲಿ ಬೆಳೆಯತೊಡಗಿತ್ತು.

ಪದವಿ ಬಂತು, ಹುದ್ದೆ ಬರಲಿಲ್ಲ. 1908ರಿಂದ 1915ರವರೆಗೆ ಎರ್ಲಾಂಗನ್‌ನಲ್ಲೇ ಸಂಬಳವಿಲ್ಲದೆ ದುಡಿದರು. ತಂದೆಯ ಆರೋಗ್ಯ ಕೆಟ್ಟಾಗ ಅವರ ಬದಲಿಗೆ ಪಾಠ ಮಾಡಿದರು. ಹೊಟ್ಟೆಪಾಡಿಗೆ ಮನೆಯವರ ಆಸರೆ ಇತ್ತು. ಈ ಸಂಗತಿಯನ್ನು ನಾವು ಮರೆಯಬಾರದು. ಅಷ್ಟೇ ಪ್ರತಿಭೆಯಿದ್ದು ಅಂತಹ ಆಸರೆ ಇಲ್ಲದಿದ್ದ ಹೆಣ್ಣುಮಗಳೊಬ್ಬಳು ಅದೇ ಊರಿನಲ್ಲಿದ್ದಿದ್ದರೆ ಅವಳ ಹೆಸರು ಇಂದು ಯಾರಿಗೂ ತಿಳಿದಿರುತ್ತಿರಲಿಲ್ಲ.

ಗೊಟ್ಟಿಂಗನ್‌ನಲ್ಲಿ ಎದುರಾದ ಗೋಡೆ

1915ರಲ್ಲಿ ಡೇವಿಡ್ ಹಿಲ್ಬರ್ಟ್ ಮತ್ತು ಫೆಲಿಕ್ಸ್ ಕ್ಲೈನ್ ಅವರನ್ನು ಗೊಟ್ಟಿಂಗನ್‌ಗೆ ಕರೆಸಿಕೊಂಡರು. ಐನ್‌ಸ್ಟೀನರ ಸಾಪೇಕ್ಷತಾ ಸಿದ್ಧಾಂತದಲ್ಲಿ ಶಕ್ತಿಯ ನಿತ್ಯತೆಯ ಬಗ್ಗೆ ಎದ್ದಿದ್ದ ಸಮಸ್ಯೆಗೆ ಎಮ್ಮಿಯವರ ಜ್ಞಾನ ಬೇಕಾಗಿತ್ತು. ಆಗ ಗೊಟ್ಟಿಂಗನ್ ಎಂದರೆ ಗಣಿತ ಲೋಕದ ರಾಜಧಾನಿ. ಆದರೆ ಅಲ್ಲಿ ಪಾಠ ಮಾಡುವ ಅಧಿಕಾರ ಪಡೆಯಲು ಇಡೀ ತತ್ತ್ವಶಾಸ್ತ್ರ ವಿಭಾಗದ ಒಪ್ಪಿಗೆ ಬೇಕು. ಗಣಿತದವರಲ್ಲದ ಕೆಲವು ಪ್ರಾಧ್ಯಾಪಕರು ಬಲವಾಗಿ ವಿರೋಧಿಸಿದರು. ಯುದ್ಧದಿಂದ ಮರಳಿದ ಸೈನಿಕರು ಹೆಂಗಸಿನ ಮುಂದೆ ಕುಳಿತು ಪಾಠ ಕೇಳುವುದೇ ಎಂಬುದು ಅವರ ಅಳಲು. ಇದು ವಿಶ್ವವಿದ್ಯಾಲಯವೇ ಹೊರತು ಸ್ನಾನಗೃಹವಲ್ಲ, ಅಭ್ಯರ್ಥಿ ಗಂಡೋ ಹೆಣ್ಣೋ ಎಂದು ನೋಡುವ ಅಗತ್ಯವಿಲ್ಲ ಎಂಬರ್ಥದಲ್ಲಿ ಹಿಲ್ಬರ್ಟ್ ಸಿಡಿದುಬಿದ್ದ ಪ್ರಸಂಗ ಗಣಿತಜ್ಞರ ನಡುವೆ ಇಂದಿಗೂ ಪ್ರಸಿದ್ಧ.

ಹಿಲ್ಬರ್ಟ್ ಒಂದು ಉಪಾಯ ಹೂಡಿದರು. ಪ್ರಕಟಣೆಯಲ್ಲಿ ಉಪನ್ಯಾಸಕರೆಂದು ತಮ್ಮ ಹೆಸರು ಹಾಕಿ, ಸಹಾಯಕರೆಂದು ಎಮ್ಮಿಯವರ ಹೆಸರು ಕೊಟ್ಟರು. ಪಾಠ ಮಾಡುತ್ತಿದ್ದವರು ಎಮ್ಮಿ. ಹೀಗೆ ನಾಲ್ಕು ವರ್ಷ ನಡೆಯಿತು. ಈ ಅವಧಿಯಲ್ಲೇ, 1918ರಲ್ಲಿ, ಇಂದು ನೋಥರ್ ಪ್ರಮೇಯವೆಂದು ಕರೆಯುವ ಫಲಿತಾಂಶ ಹೊರಬಂತು. ಪ್ರಕೃತಿಯ ನಿಯಮಗಳಲ್ಲಿ ಎಲ್ಲಿ ನಿರಂತರ ಸಮಮಿತಿ ಇದೆಯೋ ಅಲ್ಲಿ ಬದಲಾಗದೆ ಉಳಿಯುವ ಒಂದು ಪರಿಮಾಣವೂ ಇರುತ್ತದೆ ಎಂಬುದು ಅದರ ಸಾರ. ನಿಯಮಗಳು ನಿನ್ನೆ ಇದ್ದಂತೆ ಇಂದೂ ಇವೆ ಎಂಬುದರಿಂದಲೇ ಶಕ್ತಿ ನಾಶವಾಗದು ಎಂಬುದು ಹೊರಡುತ್ತದೆ. ಭೌತಶಾಸ್ತ್ರದ ಆಧಾರಸ್ತಂಭಗಳಲ್ಲೊಂದಾದ ಈ ಪ್ರಬಂಧವನ್ನು ಗೊಟ್ಟಿಂಗನ್‌ನ ವಿಜ್ಞಾನ ಸಂಸ್ಥೆಯಲ್ಲಿ ಮಂಡಿಸಿದವರು ಕ್ಲೈನ್, ಏಕೆಂದರೆ ಎಮ್ಮಿ ಅಲ್ಲಿನ ಸದಸ್ಯರಾಗಿರಲಿಲ್ಲ.

ಯುದ್ಧ ಮುಗಿದು ಜರ್ಮನಿ ಗಣರಾಜ್ಯವಾದ ಮೇಲೆ, 1919ರಲ್ಲಿ, ಅವರಿಗೆ ಸ್ವಂತ ಹೆಸರಿನಲ್ಲಿ ಪಾಠ ಮಾಡುವ ಅಧಿಕಾರ ದೊರೆಯಿತು. 1922ರಲ್ಲಿ ಪ್ರಾಧ್ಯಾಪಕಿ ಎಂಬ ಬಿರುದೂ ಬಂತು, ಸಂಬಳ ಮಾತ್ರ ಇಲ್ಲ. 1923ರಲ್ಲಿ ಬೀಜಗಣಿತದ ಪಾಠಕ್ಕೆಂದು ಅಲ್ಪ ಸಂಭಾವನೆ ಗೊತ್ತಾಯಿತು. ಡಾಕ್ಟರೇಟ್ ಪಡೆದು ಆಗ ಹದಿನಾರು ವರ್ಷ ಕಳೆಯುತ್ತಿತ್ತು. ಅಷ್ಟರಲ್ಲಿ ಅವರು 1921ರ ಪ್ರಬಂಧವೊಂದರಿಂದ ಬೀಜಗಣಿತದ ದಿಕ್ಕನ್ನೇ ಬದಲಿಸಿಯಾಗಿತ್ತು. ಸಂಖ್ಯೆ, ಸೂತ್ರಗಳನ್ನು ಬಿಡಿಬಿಡಿಯಾಗಿ ನೋಡುವ ಬದಲು ಅವು ಸೇರಿ ಕಟ್ಟುವ ರಚನೆಗಳನ್ನು ನೋಡಬೇಕೆಂಬ ದೃಷ್ಟಿ ಅದು.

ಚೆಂಡು, ವಡೆ ಮತ್ತು ದಾರ

ಈಗ ಟೊಪಾಲಜಿಯ ವಿಷಯಕ್ಕೆ ಬರೋಣ. ಗಣಿತವೆಂದ ಕೂಡಲೇ ಪುಟ ಮಗುಚಬೇಡಿ. ಅಡುಗೆಮನೆಯ ವಸ್ತುಗಳಿಂದಲೇ ಇದನ್ನು ತಿಳಿಯಬಹುದು.

ಟೊಪಾಲಜಿ ಎಂದರೆ ಆಕಾರಗಳ ಅಧ್ಯಯನ. ಆದರೆ ಇಲ್ಲಿ ಉದ್ದ, ಕೋನ, ವಿಸ್ತೀರ್ಣಗಳ ಲೆಕ್ಕವಿಲ್ಲ. ವಸ್ತುವನ್ನು ಹಿಟ್ಟಿನ ಮುದ್ದೆಯಂತೆ ಎಳೆಯಬಹುದು, ಬಗ್ಗಿಸಬಹುದು. ಹರಿಯುವಂತಿಲ್ಲ, ಹೊಸದಾಗಿ ಅಂಟಿಸುವಂತಿಲ್ಲ. ಹೀಗೆ ಮಾಡಿದಾಗಲೂ ಬದಲಾಗದೆ ಉಳಿಯುವುದು ಯಾವುದು ಎಂಬುದೇ ಪ್ರಶ್ನೆ. ಉದ್ದಿನ ವಡೆಯನ್ನು ಹಿಗ್ಗಿಸಿ ಬಳೆಯ ಆಕಾರಕ್ಕೆ ತರಬಹುದು, ಎರಡಕ್ಕೂ ಒಂದೊಂದೇ ತೂತು. ಚೆಂಡನ್ನು ಎಷ್ಟು ಹಿಸುಕಿದರೂ ಬಳೆಯಾಗದು.

ಈ ವ್ಯತ್ಯಾಸವನ್ನು ಅಳೆಯುವುದು ಹೇಗೆ? ಚೆಂಡಿನ ಮೇಲೆ ಒಂದು ದಾರವನ್ನು ಸುತ್ತಿ ಗಂಟು ಹಾಕಿ. ಅದನ್ನು ಮೆಲ್ಲನೆ ಜಾರಿಸುತ್ತ ಹೋದರೆ ಒಂದು ಚುಕ್ಕೆಯಷ್ಟಕ್ಕೆ ಕುಗ್ಗಿಸಬಹುದು. ವಡೆಯಲ್ಲಿ ಹಾಗಲ್ಲ. ತೂತಿನೊಳಗಿಂದ ಹಾಯ್ದು ಬಂದ ದಾರ ಕುಗ್ಗದು. ತೂತಿನ ಸುತ್ತಲೂ ಮೇಲ್ಮೈಯಲ್ಲಿ ಬಳಸಿ ಬಂದ ದಾರವೂ ಕುಗ್ಗದು. ಆದ್ದರಿಂದ ವಡೆಯ ಮೇಲ್ಮೈಗೆ ಎರಡು ಎಂಬ ಸಂಖ್ಯೆ, ಚೆಂಡಿಗೆ ಸೊನ್ನೆ. ಇಟಲಿಯ ಬೆಟ್ಟಿ ಎಂಬವರ ಹೆಸರಿನಲ್ಲಿ ಕರೆಯುವ ಇಂತಹ ಸಂಖ್ಯೆಗಳನ್ನು ಫ್ರಾನ್ಸಿನ ಹೆನ್ರಿ ಪ್ವಾಂಕರೆ 1895ರಿಂದ ವ್ಯವಸ್ಥಿತವಾಗಿ ಬಳಕೆಗೆ ತಂದರು. ಮುಂದಿನ ಮೂವತ್ತು ವರ್ಷ ಟೊಪಾಲಜಿಯವರು ಮುಖ್ಯವಾಗಿ ಈ ಸಂಖ್ಯೆಗಳ ಲೆಕ್ಕದಲ್ಲೇ ಇದ್ದರು.

ಎಮ್ಮಿ ನೋಥರ್ ಹೇಳಿದ್ದು, ಸಂಖ್ಯೆಯಲ್ಲಿ ನಿಲ್ಲಬೇಡಿ ಎಂದು. ಸುತ್ತುಗಳನ್ನು ಕೂಡಬಹುದು: ಒಂದು ಸುತ್ತಿಗೆ ಇನ್ನೊಂದು ಸೇರಿದರೆ ಎರಡು. ಕಳೆಯಬಹುದು: ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಲೆಕ್ಕ ಚುಕ್ತಾ. ಮೇಲ್ಮೈಯ ಒಂದು ತುಂಡಿಗೆ ಅಂಚಾಗಿ ನಿಲ್ಲುವ ಸುತ್ತನ್ನು ಸೊನ್ನೆಯೆಂದು ಎಣಿಸಬಹುದು. ಹೀಗೆ ಕೂಡುವ, ಕಳೆಯುವ ನಿಯಮವಿರುವ ಸಮೂಹವನ್ನು ಬೀಜಗಣಿತದಲ್ಲಿ ಗ್ರೂಪ್ ಎನ್ನುತ್ತಾರೆ. ಹಾಗಾದರೆ ಆಕಾರಕ್ಕೆ ಬರಿಯ ಸಂಖ್ಯೆಯನ್ನೇಕೆ, ಇಡೀ ಗ್ರೂಪನ್ನೇ ಜೋಡಿಸಬಾರದೇಕೆ?

ಇದರಿಂದ ಲಾಭವೇನು ಎಂದು ನೀವು ಕೇಳಬಹುದು. ಒಂದು ಮನೆಯಲ್ಲಿ ಐದು ಮಂದಿ ಇದ್ದಾರೆ ಎನ್ನುವುದಕ್ಕೂ, ಆ ಐವರಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ತಿಳಿಸುವುದಕ್ಕೂ ಇರುವ ಅಂತರವೇ ಇಲ್ಲಿರುವುದು. ಫೆಲಿಕ್ಸ್ ಕ್ಲೈನರ ಹೆಸರಿನ ಬಾಟಲಿಯೊಂದು ಗಣಿತದಲ್ಲಿ ಪ್ರಸಿದ್ಧ. ಒಳಗು ಹೊರಗು ಎಂಬ ಭೇದವೇ ಇಲ್ಲದ ಮೇಲ್ಮೈ ಅದು. ಅದರ ಮೇಲೆ ಒಂದು ವಿಚಿತ್ರ ಸುತ್ತು ಇದೆ. ಒಮ್ಮೆ ಹೋದರೆ ಅದು ಸೊನ್ನೆಯಲ್ಲ, ಅದೇ ಸುತ್ತನ್ನು ಎರಡು ಬಾರಿ ಹೋದರೆ ಸೊನ್ನೆ. ಬೆಟ್ಟಿಯವರ ಸಂಖ್ಯೆ ಇದನ್ನು ಹೇಳದು, ಅದಕ್ಕೆ ಬೇರೆಯೇ ಒಂದು ಲೆಕ್ಕ ಇಡಬೇಕಿತ್ತು. ಗ್ರೂಪಿನಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ. ಅದಕ್ಕೂ ಮಿಗಿಲಾಗಿ, ಒಂದು ಆಕಾರವನ್ನು ಇನ್ನೊಂದರ ಮೇಲೆ ಹೊಂದಿಸುವಾಗ ಅದರ ಸುತ್ತುಗಳೂ ಜೊತೆಯಲ್ಲೇ ಸಾಗುತ್ತವೆ. ಆ ಪ್ರಯಾಣದ ಲೆಕ್ಕವನ್ನು ಗ್ರೂಪ್ ಇಟ್ಟುಕೊಳ್ಳುತ್ತದೆ.

ಮಾತಿನಲ್ಲಿ ಹರಡಿದ ವಿಚಾರ

1925ರ ಡಿಸೆಂಬರಿನಲ್ಲಿ ಎಮ್ಮಿ ನೋಥರ್ ಹಾಲೆಂಡಿನ ಬ್ಲಾರಿಕಮ್ ಎಂಬಲ್ಲಿಗೆ ಹೋಗಿದ್ದರು. ಟೊಪಾಲಜಿಯ ಹಿರಿಯ ವಿದ್ವಾಂಸ ಬ್ರೌವರ್ ಅವರ ಮನೆಯಲ್ಲಿ ಒಂದು ರಾತ್ರಿ ಅವರ ಗೌರವಾರ್ಥ ಊಟ. ಅಲ್ಲಿ ಅವರು ಈ ಗ್ರೂಪುಗಳ ವಿಚಾರವನ್ನು ವಿವರಿಸಿದರು. ಆಗ ಅಲ್ಲಿದ್ದ ರಷ್ಯಾದ ತರುಣ ಪಾವೆಲ್ ಅಲೆಕ್ಸಾಂಡ್ರೊವ್ ಇದನ್ನು ಮುಂದೆ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. 1926 ಮತ್ತು 1927ರ ಬೇಸಿಗೆಗಳಲ್ಲಿ ಅಲೆಕ್ಸಾಂಡ್ರೊವ್ ಮತ್ತು ಜರ್ಮನಿಯ ಹೈಂಜ್ ಹಾಪ್ಫ್ ಗೊಟ್ಟಿಂಗನ್‌ನಲ್ಲಿ ಟೊಪಾಲಜಿಯ ಪಾಠ ಮಾಡಿದರು. ಇಬ್ಬರೂ ಆಗ ಮೂವತ್ತರ ಆಸುಪಾಸಿನವರು. ನಲವತ್ತು ದಾಟಿದ, ಬೀಜಗಣಿತದಲ್ಲಿ ಹೆಸರಾಗಿದ್ದ ಎಮ್ಮಿ ಅವರ ತರಗತಿಗೆ ಬಂದು ಕೇಳುಗರಾಗಿ ಕುಳಿತರು, ಪಾಠ ಮುಗಿದ ಮೇಲೆ ಚರ್ಚಿಸಿದರು. ತನ್ನ ಸಾಧನೆಯೊಂದು ಅವರ ಸಲಹೆಯಿಂದ ಎಷ್ಟು ಸರಳವಾಯಿತೆಂಬುದನ್ನು ಹಾಪ್ಫ್ 1928ರ ಪ್ರಬಂಧದಲ್ಲಿ ಒಪ್ಪಿಕೊಂಡಿದ್ದಾರೆ. ಅದೇ ಕಾಲದಲ್ಲಿ ವಿಯೆನ್ನಾದ ಲಿಯೊಪೋಲ್ಡ್ ವಿಯೆಟೊರಿಸ್ ಕೂಡ ಗ್ರೂಪುಗಳ ಭಾಷೆಯಲ್ಲಿ ಬರೆಯತೊಡಗಿದ್ದರು. 1935ರಲ್ಲಿ ಅಲೆಕ್ಸಾಂಡ್ರೊವ್ ಮತ್ತು ಹಾಪ್ಫ್ ಜೊತೆಗೂಡಿ ಬರೆದ ಟೊಪಾಲಜಿ ಗ್ರಂಥದಲ್ಲಿ ಈ ಹೊಸ ದಾರಿ ನೆಲೆಗೊಂಡಿತು.

ಈ ವಿಷಯದಲ್ಲಿ ಎಮ್ಮಿ ಸ್ವತಃ ಅಚ್ಚು ಹಾಕಿಸಿದ್ದು ಒಂದು ಪುಟ್ಟ ಟಿಪ್ಪಣಿಯನ್ನು ಮಾತ್ರ. ಉಳಿದದ್ದು ಇತರರ ಬರಹಗಳಲ್ಲಿ ಬೆಳೆಯಿತು. ಶಿಷ್ಯರ ವಿಷಯದಲ್ಲೂ ಹೀಗೆಯೇ. ಹಾಲೆಂಡಿನ ವಾನ್ ಡೆರ್ ವಾರ್ಡೆನ್ 1930-31ರಲ್ಲಿ ಬರೆದ ಆಧುನಿಕ ಬೀಜಗಣಿತದ ಪಠ್ಯ ಜಗತ್ತಿನಾದ್ಯಂತ ಬಳಕೆಯಾಯಿತು. ಅದರ ಬಹುಭಾಗಕ್ಕೆ ಆಧಾರ ಎಮ್ಮಿ ನೋಥರ್ ಮತ್ತು ಎಮಿಲ್ ಆರ್ಟಿನ್ ಅವರ ಪಾಠಗಳು. ಗ್ರೇಟೆ ಹರ್ಮನ್, ಮ್ಯಾಕ್ಸ್ ಡಾಯ್ರಿಂಗ್, ಯಾಕೋಬ್ ಲೆವಿಟ್ಸ್ಕಿ, ಚೀನಾದಿಂದ ಬಂದಿದ್ದ ತ್ಸೆನ್ ಮೊದಲಾದವರು ಅವರ ಬಳಿ ಡಾಕ್ಟರೇಟ್ ಮಾಡಿದರು. ಸಿದ್ಧಪಡಿಸಿದ ಟಿಪ್ಪಣಿ ಓದುವ ಪಾಠ ಅವರದಲ್ಲ. ತಾವೇ ಆಗ ತಲೆಕೆಡಿಸಿಕೊಂಡಿದ್ದ ಸಮಸ್ಯೆಯನ್ನು ಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳೊಡನೆ ವಾದಕ್ಕಿಳಿಯುತ್ತಿದ್ದರು. ವೇಗ ತಾಳಲಾರದೆ ಕೆಲವರು ಬಿಟ್ಟುಹೋದದ್ದೂ ಇದೆ. ರಜೆಯೆಂದು ಕಟ್ಟಡ ಮುಚ್ಚಿದ್ದ ಒಂದು ದಿನ ವಿದ್ಯಾರ್ಥಿಗಳನ್ನೆಲ್ಲ ಕಾಡುದಾರಿಯಲ್ಲಿ ನಡೆಸಿಕೊಂಡು ಹೋಗಿ ಕಾಫಿ ಅಂಗಡಿಯಲ್ಲಿ ಪಾಠ ಮುಗಿಸಿದರು.

1932ರಲ್ಲಿ ಜ್ಯೂರಿಕ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಗಣಿತ ಮಹಾಸಮ್ಮೇಳನದಲ್ಲಿ ಪೂರ್ಣಸಭೆಯನ್ನುದ್ದೇಶಿಸಿ ಉಪನ್ಯಾಸ ನೀಡಿದ ಮೊದಲ ಮಹಿಳೆ ಅವರು. ಜಗತ್ತು ಎದ್ದು ನಿಂತು ಗೌರವಿಸಿದರೂ ಗೊಟ್ಟಿಂಗನ್‌ನಲ್ಲಿ ಅವರಿಗೆ ಪೂರ್ಣ ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ಅಲ್ಲಿಗೆ ಪ್ರಾಧ್ಯಾಪಕರಾಗಿ ಬಂದ ಹರ್ಮನ್ ವೈಲ್ ಅವರಿಗಾಗಿ ಪ್ರಯತ್ನಿಸಿ ಸೋತರು. ತನಗಿಂತ ಮಿಗಿಲಾದವರ ಮೇಲಿನ ಸ್ಥಾನದಲ್ಲಿ ತಾನು ಕುಳಿತಿದ್ದೇನೆಂಬ ನಾಚಿಕೆಯನ್ನು ಅವರು ಬಹಿರಂಗವಾಗಿಯೇ ಹೇಳಿಕೊಂಡರು.

1933 ಮತ್ತು ನಂತರ

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ 7ರ ಕಾನೂನು ಯಹೂದಿಯರನ್ನೂ ರಾಜಕೀಯವಾಗಿ ಒಗ್ಗದವರನ್ನೂ ಸರಕಾರಿ ಸೇವೆಯಿಂದ ಹೊರಹಾಕಿತು. ಎಮ್ಮಿ ಯಹೂದಿ, ಮಹಿಳೆ, ಎಡಪಂಥೀಯ ಒಲವಿನ ಶಾಂತಿವಾದಿ. ಅದೇ ತಿಂಗಳು ಅವರನ್ನು ಪಾಠದಿಂದ ದೂರವಿರಿಸಲಾಯಿತು. ಮುಂದೆ ಪಾಠದ ಅಧಿಕಾರವನ್ನೇ ಕಿತ್ತುಕೊಳ್ಳಲಾಯಿತು. ಅವರು ಕಂಗೆಡಲಿಲ್ಲ. ವಿದ್ಯಾರ್ಥಿಗಳನ್ನು ಮನೆಗೆ ಕರೆದು ಪಾಠ ಮುಂದುವರಿಸಿದರು. ನಾಜಿ ಪಡೆಯ ಸಮವಸ್ತ್ರದಲ್ಲೇ ಒಬ್ಬ ವಿದ್ಯಾರ್ಥಿ ಬಂದಾಗಲೂ ಅವನನ್ನು ಹೊರಗೆ ಕಳುಹಿಸಲಿಲ್ಲವೆಂದು ಹೇಳುತ್ತಾರೆ. ತನ್ನನ್ನು ಹೊರಗಟ್ಟಿದವರ ಸಮವಸ್ತ್ರ ತೊಟ್ಟವನಿಗೂ ಕಲಿಯುವ ಹಕ್ಕಿದೆ ಎಂದು ನಡೆದುಕೊಳ್ಳುವುದು ಸಾಮಾನ್ಯ ಮಾತಲ್ಲ.

ಆ ವರ್ಷವೇ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಬ್ರಿನ್ ಮಾರ್ ಎಂಬ ಮಹಿಳಾ ಕಾಲೇಜಿಗೆ ಹೋದರು. ರಾಕ್‌ಫೆಲ್ಲರ್ ಫೌಂಡೇಶನ್ನಿನ ಧನಸಹಾಯ ದೊರೆತಿತ್ತು. ಅಲ್ಲಿನ ಗಣಿತ ವಿಭಾಗದ ಮುಖ್ಯಸ್ಥೆ ಆನಾ ಪೆಲ್ ವೀಲರ್ ಒಂದು ಕಾಲದಲ್ಲಿ ಗೊಟ್ಟಿಂಗನ್‌ನಲ್ಲಿ ಕಲಿತವರು. ಎಮ್ಮಿ ಅಲ್ಲಿಯೂ ತಮ್ಮ ಸುತ್ತ ತರುಣಿಯರ ಒಂದು ಪುಟ್ಟ ಗುಂಪು ಕಟ್ಟಿಕೊಂಡರು. 1934ರಿಂದ ವಾರಕ್ಕೊಮ್ಮೆ ಪ್ರಿನ್ಸ್‌ಟನ್‌ಗೂ ಹೋಗಿ ಉಪನ್ಯಾಸ ನೀಡುತ್ತಿದ್ದರು. ನೆಮ್ಮದಿಯ ದಿನಗಳು ಹೆಚ್ಚು ಉಳಿಯಲಿಲ್ಲ. ಗಡ್ಡೆಯ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ, 1935ರ ಏಪ್ರಿಲ್ 14ರಂದು, 53ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಜರ್ಮನಿ ಬಿಟ್ಟು ಸೋವಿಯತ್ ದೇಶಕ್ಕೆ ಹೋಗಿದ್ದ ಅವರ ತಮ್ಮ, ಗಣಿತಜ್ಞ ಫ್ರಿಟ್ಸ್, ಅಲ್ಲಿ ಸುಳ್ಳು ಆರೋಪದಲ್ಲಿ ಸೆರೆಯಾಗಿ 1941ರಲ್ಲಿ ಗುಂಡಿಗೆ ಬಲಿಯಾದರು.

ನಾವು ಕಲಿಯಬೇಕಾದದ್ದು

ಓದುಗರೇ, ಈ ಬದುಕನ್ನು ಓದಿ, ಕಷ್ಟಗಳ ನಡುವೆಯೂ ಪ್ರತಿಭೆ ಬೆಳಗಿಯೇ ತೀರುತ್ತದೆ ಎಂದುಕೊಂಡು ಪುಸ್ತಕ ಮುಚ್ಚುವುದು ಸುಲಭ. ಆದರೆ ಅದು ಪೂರ್ತಿ ಸತ್ಯವಲ್ಲ. ಎಮ್ಮಿಯವರಿಗೆ ಗಣಿತ ಬಲ್ಲ ತಂದೆ ಇದ್ದರು, ಮನೆಯ ಹಣವಿತ್ತು, ಹಿಲ್ಬರ್ಟರಂತಹ ಬೆಂಬಲಿಗರಿದ್ದರು. ಇಷ್ಟೆಲ್ಲ ಇದ್ದೂ ಅವರು ಹದಿನೈದು ವರ್ಷ ಸಂಬಳವಿಲ್ಲದೆ ದುಡಿದರು. ಇವು ಯಾವುವೂ ಇಲ್ಲದವರ ಪಾಡೇನು? ಸಂಬಳವಿಲ್ಲದೆ ಕಲಿಸಿದ್ದು ಅವರ ದೊಡ್ಡತನ. ಸಂಬಳ ಕೊಡದೆ ಕಲಿಸಿಕೊಂಡದ್ದು ವಿಶ್ವವಿದ್ಯಾಲಯದ ಸಣ್ಣತನ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ಒಂದು ವಿದ್ಯಾರ್ಥಿವೇತನ, ಹಾಸ್ಟೆಲಿನಲ್ಲಿ ಒಂದು ಹಾಸಿಗೆ, ಮಗಳು ಮುಂದೆ ಓದಲಿ ಎಂದು ಮನೆಯಲ್ಲಿ ಆಡುವ ಒಂದು ಮಾತು, ಇವುಗಳ ಬೆಲೆ ಏನೆಂದು ಈ ಬದುಕು ತೋರಿಸುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲೊಂದು ಪಾಠವಿದೆ. ಕಂಡುಕೊಂಡದ್ದನ್ನು ಬಚ್ಚಿಟ್ಟುಕೊಳ್ಳಬೇಡಿ. ಅರ್ಧ ತಿಳಿದದ್ದನ್ನು ಗೆಳೆಯರ ಮುಂದೆ ಆಡಲು ನಾಚಬೇಡಿ. ಕಿರಿಯರ ಪಾಠಕ್ಕೆ ಹೋಗಿ ಬೆಂಚಿನಲ್ಲಿ ಕುಳಿತುಕೊಳ್ಳುವುದರಿಂದ ಯಾರೂ ಚಿಕ್ಕವರಾಗುವುದಿಲ್ಲ. ಟೊಪಾಲಜಿ ಹೊಸ ದಾರಿ ಹಿಡಿದದ್ದು ಹಾಗೆ ಕುಳಿತ ಒಬ್ಬ ಹಿರಿಯರಿಂದ.

ಅವರನ್ನು ಹೊರಗಟ್ಟಿದ ಜರ್ಮನಿಯಲ್ಲೇ ಇಂದು ಅಲ್ಲಿನ ಸಂಶೋಧನಾ ಪ್ರತಿಷ್ಠಾನದ ಒಂದು ಯೋಜನೆಗೆ ಎಮ್ಮಿ ನೋಥರ್ ಹೆಸರಿದೆ. ಡಾಕ್ಟರೇಟ್ ಮುಗಿಸಿದ ಯುವ ಸಂಶೋಧಕರಿಗೆ ಸ್ವಂತ ತಂಡ ಕಟ್ಟಿ ನಡೆಸಲು ಹಲವು ವರ್ಷಗಳ ಧನಸಹಾಯ ನೀಡುವ ಯೋಜನೆಯದು. ಎಮ್ಮಿಯವರಿಗೆ ಆ ವಯಸ್ಸಿನಲ್ಲಿ ಏನು ಸಿಗಲಿಲ್ಲವೋ ಅದನ್ನೇ ಅವರ ಹೆಸರಿನಲ್ಲಿ ಬೇರೆಯವರಿಗೆ ಕೊಡಲಾಗುತ್ತಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಶಾಲೆಯಲ್ಲಿ ಲೆಕ್ಕ ಬಿಡಿಸುವುದರಲ್ಲಿ ಮೈಮರೆಯುವ ಹುಡುಗಿಯೊಬ್ಬಳಿದ್ದರೆ, ಅವಳಿಗೆ ಬೇಕಾದ್ದು ಸಕಾಲದಲ್ಲಿ ಸಿಗುವಂತೆ ನೋಡಿಕೊಳ್ಳಿ.